ವಾಗ್ಗೇಯಕಾರರಾಗುವ ಹೊತ್ತಿನಲ್ಲಿ: ಜಯಚಾಮರಾಜ ಒಡೆಯರ ಆರಂಭಕಾಲದ ಸಂಗೀತಾಸಕ್ತಿಗಳು

ಮೈಸೂರು ಸಂಸ್ಥಾನದ ಕೊನೆಯ ಅರಸರಾದ ಶ್ರೀ ಜಯಚಾಮರಾಜ ಒಡೆಯರನ್ನು (1919–1974) ಕುರಿತು ಬರೆದವರು ಅವರ ಸಂಗೀತಜೀವನವನ್ನು ಸಾಮಾನ್ಯವಾಗಿ ಎರಡು ಅಧ್ಯಾಯಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದು ಪಾಶ್ಚಾತ್ಯ ಸಂಗೀತದ್ದು. ಪಿಯಾನೊ, ಗ್ರಾಮಫೋನ್ ತಟ್ಟೆಗಳು, ಲಂಡನ್ನಿನ ಸಂಗೀತಶಾಲೆಗಳ ಪದವಿಗಳು ಇದರಲ್ಲಿ ಬರುತ್ತವೆ. ಎರಡನೆಯದು ಕರ್ನಾಟಕ ಸಂಗೀತದ್ದು. ಮೈಸೂರು ವಾಸುದೇವಾಚಾರ್ಯರ ಶಿಷ್ಯತ್ವ, ಶ್ರೀವಿದ್ಯೋಪಾಸನೆ, ‘ಶ್ರೀವಿದ್ಯಾ’ ಮುದ್ರೆಯ 94 ಕೃತಿಗಳು ಇದರ ವಸ್ತು. ಒಂದರಿಂದ ಇನ್ನೊಂದಕ್ಕೆ ಸಾಗಿದ್ದನ್ನು ಮನಃಪರಿವರ್ತನೆಯೆಂಬಂತೆ, ಪರದೇಶದಲ್ಲಿ ಅಲೆದ ಮಗ ಮನೆಗೆ ಮರಳಿದನೆಂಬಂತೆ ವರ್ಣಿಸುವುದು ರೂಢಿ. ಓದಲು ಹಿತವಾದ ಚಿತ್ರ ಇದು. ಆದರೆ ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಚಿತ್ರ ನಿಲ್ಲುವುದಿಲ್ಲ.

ಒಡೆಯರು ಕೃತಿರಚನೆಗೆ ತೊಡಗಿದ್ದು 1945ರ ಸುಮಾರಿಗೆ. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಪದವಿಯನ್ನು ನೀಡಿದ್ದೂ 1945ರಲ್ಲಿಯೇ. ರಷ್ಯಾದ ರಚನಕಾರ ನಿಕೊಲಾಯ್ ಮೆಟ್ನರರ ಕೃತಿಗಳ ಧ್ವನಿಮುದ್ರಣಕ್ಕೆ ಮೈಸೂರಿನಿಂದ ಹಣ ಹೋದದ್ದು ಇದಕ್ಕೂ ಈಚೆಗೆ, 1940ರ ದಶಕದ ಉತ್ತರಾರ್ಧದಲ್ಲಿ. ಲಂಡನ್ನಿನ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷಸ್ಥಾನ ಅವರಿಗೆ ಬಂದದ್ದು 1948ರಲ್ಲಿ. ಅಂದರೆ ಮನೆಗೆ ಮರಳಿದ ಮಗ ಪರದೇಶವನ್ನು ಬಿಟ್ಟಿರಲೇ ಇಲ್ಲ. ಒಂದೇ ಅರಮನೆಯಲ್ಲಿ, ಒಂದೇ ಕಾಲಾವಧಿಯಲ್ಲಿ, ಇಪ್ಪತ್ತಾರರಿಂದ ಮೂವತ್ತೊಂದರ ನಡುವಿನ ವಯಸ್ಸಿನ ಒಬ್ಬ ತರುಣ ಈ ಎರಡೂ ಕೆಲಸಗಳನ್ನು ಮಾಡುತ್ತಿದ್ದನು. ಇವೆರಡಕ್ಕೂ ಇದ್ದ ಸಂಬಂಧವೇನೆಂಬುದು ಈ ಲೇಖನದ ಪ್ರಶ್ನೆ. ಅವರು ಮುಂದೆ ಪಡೆದ ಕೀರ್ತಿಯ ಬೆಳಕಿನಲ್ಲಿ ಆರಂಭವನ್ನು ನೋಡದೆ, ಆರಂಭವನ್ನು ಆರಂಭವಾಗಿಯೇ ನೋಡುವ ಪ್ರಯತ್ನ ಇಲ್ಲಿಯದು.

ಜಯಚಾಮರಾಜ ಒಡೆಯರು 1919ರ ಜುಲೈ 18ರಂದು ಜನಿಸಿದರು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಮತ್ತು ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರ ಏಕೈಕ ಪುತ್ರರು ಇವರು. ಪಟ್ಟದಲ್ಲಿದ್ದವರು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ಆ ಮನೆಯಲ್ಲಿ ಸಂಗೀತವೆಂದರೆ ಕರ್ನಾಟಕ ಸಂಗೀತ ಮಾತ್ರವೇ ಆಗಿರಲಿಲ್ಲವೆಂಬುದನ್ನು ಮರೆಯಬಾರದು. ನಾಲ್ವಡಿಯವರು ಸ್ವತಃ ವೀಣೆ, ಪಿಟೀಲುಗಳ ಜೊತೆಗೆ ಸ್ಯಾಕ್ಸೊಫೋನ್ ಮತ್ತು ಪಿಯಾನೊ ಬಲ್ಲವರಾಗಿದ್ದರು. ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಜರ್ಮನಿಯ ಆಟೊ ಸ್ಮಿತ್ ನಡೆಸುತ್ತಿದ್ದರು. ವೀಣೆ ಶೇಷಣ್ಣನವರ ಮೀಟು ಕೇಳಿದ ದರಬಾರಿನ ಗೋಡೆಗಳೇ ಬ್ಯಾಂಡಿನ ಕಹಳೆಯನ್ನೂ ಕೇಳಿದ್ದವು. ಇಂತಹ ಮನೆಯಲ್ಲಿ ಬೆಳೆದ ಬಾಲಕನಿಗೆ ಪಿಯಾನೊ ಪರಕೀಯ ವಾದ್ಯವೆಂಬ ಭಾವನೆಯೇ ಇದ್ದಿರಲಾರದು. ‘ಪಾಶ್ಚಾತ್ಯ ವ್ಯಾಮೋಹ’ ಎಂದು ನಾವು ಇಂದು ಸುಲಭವಾಗಿ ಬಳಸುವ ಮಾತು ಅಂದಿನ ಅರಮನೆಯ ಒಳಗೆ ಅರ್ಥವಾಗುತ್ತಿತ್ತೇ ಎಂಬುದೇ ಅನುಮಾನ.

1938ರಲ್ಲಿ ಮಹಾರಾಜ ಕಾಲೇಜಿನಿಂದ ಅವರು ಪದವೀಧರರಾದರು. 1939ರಲ್ಲಿ ಯೂರೋಪಿನ ಪ್ರವಾಸವಾಯಿತು. ಪಿಯಾನೊ ವಾದನದಲ್ಲಿ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದವರು. ಅವರ ಸೋದರಿ ವಿಜಯಾದೇವಿಯವರೂ ಪಿಯಾನೊ ಮತ್ತು ವೀಣೆ ಎರಡನ್ನೂ ಕಲಿತವರು. ಮುಂದೆ 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದವರು. ಕಚೇರಿಯ ಪಿಯಾನೊ ವಾದಕನಾಗಬೇಕೆಂಬ ಆಸೆ ಜಯಚಾಮರಾಜರಿಗಿತ್ತು. ಆದರೆ 1940 ಆ ಆಸೆಯನ್ನು ಉಳಿಸಲಿಲ್ಲ. ಮಾರ್ಚ್ ತಿಂಗಳಲ್ಲಿ ತಂದೆ ಮುಂಬಯಿಯಲ್ಲಿ ತೀರಿಕೊಂಡರು. ಆಗಸ್ಟ್ 3ರಂದು ದೊಡ್ಡಪ್ಪ ಅಸ್ತಂಗತರಾದರು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದು ತುಂಬಿ ಎರಡು ತಿಂಗಳೂ ಆಗಿರದ ತರುಣನು ಸಿಂಹಾಸನವೇರಿದನು. ಯೂರೋಪಿನಲ್ಲಿ ಆಗಲೇ ಯುದ್ಧ ಹೊತ್ತಿತ್ತು. ಅಲ್ಲಿಗೆ ಹೋಗಿ ಕಲಿಯುವ ದಾರಿ ಅರಸನಾಗದೆ ಉಳಿದಿದ್ದರೂ ಮುಚ್ಚಿರುತ್ತಿತ್ತು.

ನುಡಿಸುವ ದಾರಿ ಮುಚ್ಚಿದಾಗ ಉಳಿದದ್ದು ಕೇಳುವ ದಾರಿ. ಒಡೆಯರ ಗ್ರಾಮಫೋನ್ ಸಂಗ್ರಹವನ್ನು ಈ ದೃಷ್ಟಿಯಿಂದ ನೋಡಬೇಕು. 1950ರ ವೇಳೆಗೆ ಅದರಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂಬ ಅಂದಾಜಿದೆ. ಇಂಗ್ಲೆಂಡಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಕೆಲವು ವಾರ ಇದ್ದವರು. ಗಂಭೀರ ಸಂಗೀತದಲ್ಲಿ ಊಹಿಸಬಹುದಾದ ಪ್ರತಿಯೊಂದು ಮುದ್ರಣವೂ ಅಲ್ಲಿತ್ತೆಂದೂ, ಹಲವು ಬಗೆಯ ಧ್ವನಿವರ್ಧಕಗಳೂ ದೊಡ್ಡ ಕಚೇರಿ ಪಿಯಾನೊಗಳೂ ಇದ್ದುವೆಂದೂ, ಅರಸರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲವೆಂದೂ ಅವರು ಬೆರಗಿನಿಂದ ನೆನೆದಿದ್ದಾರೆ. ಅಂದಿನ 78 ಸುತ್ತಿನ ದೊಡ್ಡ ತಟ್ಟೆಯ ಒಂದು ಮುಖದಲ್ಲಿ ನಾಲ್ಕೈದು ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿತ್ತು. ಅರ್ಧ ಗಂಟೆಯ ಕೃತಿಯೊಂದನ್ನು ಕೇಳಬೇಕಾದರೆ ಏಳೆಂಟು ಬಾರಿ ಎದ್ದು ತಟ್ಟೆ ತಿರುವಬೇಕು, ಬದಲಿಸಬೇಕು. ರಚನೆಯೊಂದನ್ನು ಹೀಗೆ ತುಂಡುತುಂಡಾಗಿ, ಮತ್ತೆ ಮತ್ತೆ ಕೇಳುವವನಿಗೆ ಅದರ ಅಂಗಾಂಗಗಳು ಕೈಗೆ ಸಿಗುತ್ತವೆ. ಇದು ಕಚೇರಿ ಕೇಳುವವನ ಅನುಭವಕ್ಕಿಂತ ರಚನೆ ಮಾಡುವವನ ಅಭ್ಯಾಸಕ್ಕೆ ಹತ್ತಿರವಾದುದು.

ಈ ಕೇಳ್ಮೆ ಎತ್ತ ಒಲಿಯಿತೆಂಬುದು ಇನ್ನೂ ಕುತೂಹಲಕರ. ಶ್ರೀಮಂತ ರಸಿಕನೊಬ್ಬ ಬೀಥೋವನ್, ಶೋಪ್ಯಾಂ ಮೊದಲಾದ ಪ್ರಸಿದ್ಧರಲ್ಲೇ ತೃಪ್ತನಾಗಬಹುದಿತ್ತು. ಒಡೆಯರ ಮನಸ್ಸು ಹೋದದ್ದು ಮೆಟ್ನರರ ಕಡೆಗೆ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್, ಕ್ರಾಂತಿಯ ನಂತರ 1921ರಲ್ಲಿ ರಷ್ಯಾ ತೊರೆದು, 1930ರ ದಶಕದ ನಡುವೆ ಲಂಡನ್ನಿನಲ್ಲಿ ನೆಲೆಸಿದರು. ಅವರ ರಚನೆಗಳೆಲ್ಲ ಬಹುತೇಕ ಪಿಯಾನೊವನ್ನು ಸುತ್ತಿಕೊಂಡವು. ತಮ್ಮ ಕಾಲದ ನವ್ಯ ಸಂಗೀತವನ್ನು ಅವರು ಒಪ್ಪಲಿಲ್ಲ. ಸಂಗೀತಕ್ಕೆ ಶಾಶ್ವತವಾದ ನಿಯಮಗಳಿವೆ, ರಚನಕಾರ ಅವನ್ನು ಸೃಷ್ಟಿಸುವುದಿಲ್ಲ, ಕಂಡುಕೊಳ್ಳುತ್ತಾನೆ ಎಂಬ ನಿಲುವನ್ನು ಸಮರ್ಥಿಸಿ 1935ರಲ್ಲಿ ಪುಸ್ತಕವನ್ನೇ ಬರೆದರು; ಅದನ್ನು ಪ್ರಕಟಿಸಿದ್ದು ಅವರ ಮಿತ್ರ ರಖ್ಮಾನಿನೋಫರ ಪ್ರಕಾಶನ. ಕಾಲ ಮುಂದೆ ಹೋಗಿತ್ತು, ಮೆಟ್ನರ್ ಹಿಂದೆ ಉಳಿದರು. ಯುದ್ಧದ ವರ್ಷಗಳಲ್ಲಿ ಅವರ ಆರೋಗ್ಯವೂ ಕೆಟ್ಟಿತು, ಕೈಯೂ ಬರಿದಾಯಿತು.

ಇಂತಹ ಮುದುಕರೊಬ್ಬರಿಗೆ ಮೈಸೂರಿನಿಂದ ಬಂದ ನೆರವು ಹೇಗೆ ಕಂಡಿರಬೇಕೆಂಬುದನ್ನು ವಿವರಿಸಬೇಕಾಗಿಲ್ಲ. ಅವರ ಸಮಗ್ರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಿಡಬೇಕೆಂಬ ಉದ್ದೇಶದಿಂದ ಮೆಟ್ನರ್ ಸೊಸೈಟಿ ಹುಟ್ಟಿತು. ಇಂತಹ ಸಂಘಗಳ ಮಾದರಿ ಹೊಸದಲ್ಲ. 1931ರಲ್ಲಿಯೇ ಲೆಗ್ ಅವರು ಹ್ಯೂಗೊ ವುಲ್ಫ್‌ನ ಗೀತೆಗಳಿಗಾಗಿ ಮುಂಗಡ ಚಂದಾದಾರರನ್ನು ಕೂಡಿಸಿ ಸಂಘವೊಂದನ್ನು ಕಟ್ಟಿದ್ದರು. ಅಲ್ಲಿ ನೂರಾರು ಚಂದಾದಾರರು ಹೊತ್ತ ಭಾರವನ್ನು ಇಲ್ಲಿ ಒಬ್ಬನೇ ಹೊತ್ತನು. ಮೂರು ಪಿಯಾನೊ ಕನ್ಚೆರ್ಟೊಗಳು, ಕೆಲವು ಸೊನಾಟಾಗಳು, ಎಲಿಸಬೆತ್ ಶ್ವಾರ್ಟ್ಸ್‌ಕೋಫ್ ಹಾಡಿದ ಗೀತೆಗಳು, ಹಲವು ಕಿರು ರಚನೆಗಳು ಈ ಯೋಜನೆಯಲ್ಲಿ ಮುದ್ರಿತವಾದವು. 1944ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ನುಡಿಸಲಾದ ಮೂರನೆಯ ಕನ್ಚೆರ್ಟೊವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡಾಗ ‘ಸಮಗ್ರ’ವೆಂಬ ಸಂಕಲ್ಪ ಅರ್ಧದಲ್ಲಿ ನಿಂತಿತು. ಆದರೆ ಇಂದು ಮೆಟ್ನರರ ಸಂಗೀತವನ್ನು ಅವರದೇ ಬೆರಳುಗಳಲ್ಲಿ ಕೇಳುವ ಅವಕಾಶವೇನಿದೆಯೋ ಅದರಲ್ಲಿ ದೊಡ್ಡ ಪಾಲು ಈ ತಟ್ಟೆಗಳಿಂದ ಬಂದದ್ದು.

ಲೆಗ್ ಅವರು ಮೈಸೂರಿನಿಂದ ಇನ್ನೊಂದು ಭರವಸೆಯನ್ನೂ ಪಡೆದು ಹೋದರು. 1945ರಲ್ಲಿ ತಾವು ಕಟ್ಟಿದ್ದ ಫಿಲ್ಹಾರ್ಮೋನಿಯ ವಾದ್ಯವೃಂದವನ್ನು ಭದ್ರಪಡಿಸಲು ಮೂರು ವರ್ಷ ಕಾಲ ವರ್ಷಕ್ಕೆ 10,000 ಪೌಂಡು ನೆರವು. ಅಂದಿನ ವಿನಿಮಯ ದರದಲ್ಲಿ ಇದು ಸುಮಾರು 1,33,000 ರೂಪಾಯಿ. ಈ ಬಲದಿಂದ ಆ ವೃಂದಕ್ಕೆ ಹರ್ಬರ್ಟ್ ಫಾನ್ ಕರಾಯನ್‌ರಂತಹ ನಿರ್ದೇಶಕರು ಬಂದರು. ಒಡೆಯರು ಮುದ್ರಣವಾಗಬೇಕೆಂದು ಬಯಸಿದ ಕೃತಿಗಳ ಪಟ್ಟಿ ಅವರ ಅಭಿರುಚಿಯ ಕನ್ನಡಿಯಂತಿದೆ: ಬಲಾಕಿರೆವ್‌ನ ಸಿಂಫನಿ, ರುಸೆಲ್‌ನ ನಾಲ್ಕನೆಯ ಸಿಂಫನಿ, ಬುಸೋನಿಯ ‘ಇಂಡಿಯನ್ ಫ್ಯಾಂಟಸಿ’. ಮೊದಲನೆಯದನ್ನು ಅದರ ರಚನಕಾರ 1864ರಲ್ಲಿ ಆರಂಭಿಸಿ 1897ರಲ್ಲಿ ಮುಗಿಸಿದನು. ಅಷ್ಟು ತಡವಾಗಿ ಬಂದ ಕೃತಿಯನ್ನು ಜನ ಗಮನಿಸಲಿಲ್ಲ. ಇನ್ನು ಬುಸೋನಿಯ ಕೃತಿಯ ಹೆಸರನ್ನು ನೋಡಿ ನಮ್ಮ ಕೆಲವು ಲೇಖಕರು ಅದರಲ್ಲಿ ಭಾರತೀಯ ರಾಗಗಳಿವೆಯೆಂದು ಭಾವಿಸಿ, ಅರಸರು ಅದನ್ನು ಆರಿಸಿದ್ದಕ್ಕೆ ದೇಶಪ್ರೇಮದ ಕಾರಣ ಕೊಡುವುದುಂಟು. ಅದರಲ್ಲಿರುವುದು ಅಮೆರಿಕದ ಮೂಲನಿವಾಸಿಗಳ ಧಾಟಿಗಳು. ಹೆಸರಿಗೆ ಮರುಳಾಗುವಷ್ಟು ಅಲ್ಪ ಪರಿಚಯ ಒಡೆಯರದಾಗಿರಲಿಲ್ಲ. ಈ ಮೂರಕ್ಕೂ ಮೆಟ್ನರರಿಗೂ ಸಾಮಾನ್ಯವಾದ ಗುಣ ಒಂದೇ: ಇವೆಲ್ಲ ಒಳ್ಳೆಯವಾಗಿದ್ದೂ ಕೇಳುವವರಿಲ್ಲದ ಕೃತಿಗಳು.

ಇಲ್ಲಿ ಒಂದು ಅಹಿತಕರ ಪ್ರಶ್ನೆಯನ್ನು ದಾಟಿ ಹೋಗುವುದು ಸರಿಯಲ್ಲ. ಈ ವರ್ಷಗಳು ಮೈಸೂರಿನಲ್ಲಿ ಶಾಂತವಾದ ವರ್ಷಗಳಲ್ಲ. 1947ರ ಆಗಸ್ಟಿನಲ್ಲಿ ಅರಸರು ಭಾರತದೊಡನೆ ವಿಲೀನಪತ್ರಕ್ಕೆ ಸಹಿ ಹಾಕಿದರೂ, ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಸರ್ಕಾರ ಬಂದಿತು. ಇಂತಹ ಕಾಲದಲ್ಲಿ ಲಂಡನ್ನಿನ ವಾದ್ಯವೃಂದಕ್ಕೆ ಲಕ್ಷಾಂತರ ರೂಪಾಯಿ ಹೋದದ್ದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹಣ ಅರಸರ ಸ್ವಂತದ್ದೆಂಬ ಉತ್ತರ ಅರ್ಧ ಉತ್ತರ ಮಾತ್ರ. ಅರಮನೆಯ ಸ್ವಂತದ ಹಣವೂ ಮೂಲತಃ ನಾಡಿನಿಂದ ಬಂದದ್ದೇ. ಈ ಲೇಖಕನಿಗೆ ತೋರುವುದಿಷ್ಟು: ಆ ಔದಾರ್ಯವನ್ನು ಕೇವಲ ಹೊಗಳುವವರೂ ಕೇವಲ ತೆಗಳುವವರೂ ಅದೇ ವರ್ಷಗಳಲ್ಲಿ ಅದೇ ಅರಮನೆ ಕೈಗೊಂಡ ಇನ್ನೊಂದು ಯೋಜನೆಯನ್ನು ಲೆಕ್ಕಕ್ಕೆ ತಂದುಕೊಂಡಿಲ್ಲ. ಅದು ಋಗ್ವೇದವನ್ನು ಸಾಯಣಭಾಷ್ಯ ಸಹಿತ ಕನ್ನಡಕ್ಕೆ ತರುವ ಜಯಚಾಮರಾಜೇಂದ್ರ ವೇದರತ್ನಮಾಲೆ. ಮೂವತ್ತಕ್ಕೂ ಹೆಚ್ಚು ಸಂಪುಟಗಳಲ್ಲಿ ಅದು ಹೊರಬಂದಿತು. ಪುರಾಣಗಳನ್ನು ಕನ್ನಡಿಸಿದ ಜಯಚಾಮರಾಜೇಂದ್ರ ಗ್ರಂಥಮಾಲೆ ಇದರ ಜೊತೆಗಾರ. ಆರಿಸಿದ ಸೂಕ್ತಗಳಲ್ಲ, ಇಡೀ ಋಗ್ವೇದ. ಆರಿಸಿದ ಗೀತೆಗಳಲ್ಲ, ಇಡೀ ಮೆಟ್ನರ್. ಎರಡು ಕೆಲಸಗಳ ಹಿಂದೆಯೂ ಒಂದೇ ಬಗೆಯ ಬುದ್ಧಿಯಿದೆ. ಸಿಕ್ಕಷ್ಟಕ್ಕೆ ತೃಪ್ತಿಯಿಲ್ಲ, ಪೂರ್ಣವಾದುದು ಬೇಕು. ಜನಪ್ರಿಯವಾದುದು ಹೇಗೂ ಉಳಿಯುತ್ತದೆ, ಮರೆಯಾಗುವುದನ್ನು ಹಿಡಿದಿಡಬೇಕು.

ಇದೇ ಬುದ್ಧಿ ಕೃತಿರಚನೆಯಲ್ಲಿ ಹೇಗೆ ಕೆಲಸ ಮಾಡಿತೆಂಬುದನ್ನು ಈಗ ನೋಡಬಹುದು.

ಒಡೆಯರ ಕರ್ನಾಟಕ ಸಂಗೀತಾಭ್ಯಾಸ ಗಾಢವಾದದ್ದು ಪಟ್ಟಕ್ಕೆ ಬಂದ ಮೇಲೆ. ವೀಣೆಯನ್ನು ಅವರು ವೆಂಕಟಗಿರಿಯಪ್ಪನವರಲ್ಲಿ ಕಲಿತರು. ಶಾಸ್ತ್ರ ಮತ್ತು ರಚನೆಯ ಮರ್ಮಗಳನ್ನು ತಿಳಿಸಿದವರು ವಾಸುದೇವಾಚಾರ್ಯರು. 1865ರಲ್ಲಿ ಜನಿಸಿದ ಆಚಾರ್ಯರಿಗೆ 1945ರಲ್ಲಿ ಎಂಬತ್ತು ವರ್ಷ, ಶಿಷ್ಯನಿಗೆ ಇಪ್ಪತ್ತಾರು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯ ನೆರವಿನಿಂದ ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರರಲ್ಲಿ ಕಲಿತು ಬಂದವರು ಅವರು. ಅರಮನೆ ಕಲಿಸಿದ ವಿದ್ಯೆ ಅರಮನೆಗೆ ಮರಳಿತೆಂದು ಇದನ್ನು ಹೇಳಬಹುದು. ಅದೇ 1945ರ ಜೂನ್ 30ರಂದು ಆಸ್ಥಾನದ ಮತ್ತೊಬ್ಬ ಹಿರಿಯ ವಾಗ್ಗೇಯಕಾರ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಮೈಸೂರಿನಲ್ಲಿ ನಿಧನರಾದರು. ನಾಲ್ವಡಿಯವರ ಅಪೇಕ್ಷೆಯಂತೆ ಚಾಮುಂಡೇಶ್ವರಿಯನ್ನು ಕುರಿತು ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದವರು ಭಾಗವತರು. ದೊಡ್ಡಪ್ಪ ರಚಿಸಿಸಿದರು, ಮಗ ತಾನೇ ರಚಿಸಲು ಕುಳಿತನು. ಒಡೆಯರ ಮನೆತನದಲ್ಲಿ ಇದು ಹೊಸ ಸಂಗತಿಯೂ ಅಲ್ಲ. ಚಿಕ್ಕದೇವರಾಜರಿಂದ ಮುಮ್ಮಡಿ ಕೃಷ್ಣರಾಜರವರೆಗೆ ರಚನೆಯ ಪರಂಪರೆಯೊಂದು ಅಲ್ಲಿತ್ತು.

ಅರಸರ ಹೆಸರಿನ ಕೃತಿ ಅರಸರದೇ ಹೌದೇ ಎಂಬ ಶಂಕೆಯೂ ಅಷ್ಟೇ ಹಳೆಯದು. ತಿರುವಾಂಕೂರಿನ ಸ್ವಾತಿ ತಿರುನಾಳರ ಬಗ್ಗೆ 1980ರ ದಶಕದಲ್ಲಿ ವೀಣಾವಿದ್ವಾಂಸ ಎಸ್. ಬಾಲಚಂದರ್ ಎಬ್ಬಿಸಿದ ವಿವಾದ ಎಲ್ಲರಿಗೂ ಗೊತ್ತು. ಜಯಚಾಮರಾಜರ ವಿಷಯದಲ್ಲಿಯೂ, ಪಿಯಾನೊ ಕಲಿತ ಅರಸ ಕೆಲವೇ ವರ್ಷಗಳಲ್ಲಿ ಇಷ್ಟು ಪ್ರೌಢ ಕೃತಿಗಳನ್ನು ಹೇಗೆ ರಚಿಸಿಯಾನು, ಬಳಿಯಲ್ಲಿ ವಾಸುದೇವಾಚಾರ್ಯರಿದ್ದರಲ್ಲ ಎಂಬ ಗುಸುಗುಸು ಕೇಳಿಬರುವುದುಂಟು. ಶಾರ್ಙ್ಗದೇವನ ಲಕ್ಷಣದ ಪ್ರಕಾರ ಮಾತು, ಧಾತು ಎರಡನ್ನೂ ತಾನೇ ರಚಿಸುವವನು ವಾಗ್ಗೇಯಕಾರ. ಆದ್ದರಿಂದ ಈ ಶಂಕೆಯನ್ನು ಅಸೂಯೆಯೆಂದು ತಳ್ಳಿಹಾಕದೆ ಪರಿಶೀಲಿಸುವುದು ಲೇಸು.

ಕೃತಿಗಳ ಒಳಗಿನ ಸಾಕ್ಷ್ಯವೇನು? ಆಚಾರ್ಯರು ತ್ಯಾಗರಾಜರ ಶಿಷ್ಯಪರಂಪರೆಯವರು. ಅವರ ಗುರು ಪಟ್ಣಂ ಸುಬ್ರಹ್ಮಣ್ಯ ಅಯ್ಯರರು ಮಾನಾಂಬುಚಾವಡಿ ವೆಂಕಟಸುಬ್ಬಯ್ಯರ್ ಅವರ ಶಿಷ್ಯರು. ವೆಂಕಟಸುಬ್ಬಯ್ಯರ್ ತ್ಯಾಗರಾಜರ ನೇರ ಶಿಷ್ಯರು. ಆಚಾರ್ಯರ ಇಷ್ಟದೈವ ಶ್ರೀರಾಮ, ಭಾಷೆ ತೆಲುಗು ಮತ್ತು ಸಂಸ್ಕೃತ, ಮುದ್ರೆ ‘ವಾಸುದೇವ’. ಅವರ ಪ್ರಸಿದ್ಧ ಖಮಾಚ್ ಕೃತಿಯನ್ನು ಬಲ್ಲವರಿಗೆ ಆ ಶೈಲಿಯ ಲಾಲಿತ್ಯ ಗೊತ್ತು: ಭಕ್ತನು ದೇವರೊಡನೆ ಸಲುಗೆಯಿಂದ ಆಡುವ ಮಾತು, ಒಂದೇ ಸಾಲು ಸಂಗತಿಗಳಲ್ಲಿ ಅರಳುವ ಕ್ರಮ. ಶಿಷ್ಯನ ಕೃತಿಗಳಲ್ಲಿ ಈ ಸಲುಗೆಯಿಲ್ಲ. ಅಲ್ಲಿರುವುದು ಸಂಸ್ಕೃತದ ದೀರ್ಘಸಮಾಸಗಳು, ದೇವೀಪರವಾದ ಸಂಬೋಧನೆಗಳು, ಶ್ರೀವಿದ್ಯಾತಂತ್ರದ ಪರಿಭಾಷೆ, ಸಾಹಿತ್ಯದೊಳಗೆ ರಾಗದ ಹೆಸರನ್ನು ಹೊಸೆಯುವ ರಾಗಮುದ್ರೆ. ಈ ಮಾದರಿ ತ್ಯಾಗರಾಜರದಲ್ಲ, ಮುತ್ತುಸ್ವಾಮಿ ದೀಕ್ಷಿತರದು. ದೀಕ್ಷಿತರೂ ಶ್ರೀವಿದ್ಯೋಪಾಸಕರು. ಒಡೆಯರು ‘ಚಿತ್ಪ್ರಭಾನಂದ’ ಎಂಬ ದೀಕ್ಷಾನಾಮದಿಂದ ಉಪಾಸನೆ ಮಾಡಿದವರು. ಅವರ ಗುರು ಶಿಲ್ಪಿ ಸಿದ್ಧಲಿಂಗಸ್ವಾಮಿಗಳು. ಅರಮನೆ ಕೋಟೆಯೊಳಗಿನ ಭುವನೇಶ್ವರಿ ಮತ್ತು ಗಾಯತ್ರಿ ದೇವಾಲಯಗಳ ಶಿಲ್ಪವೂ ಅವರದೇ.

ಗುರುವೇ ಬರೆದುಕೊಟ್ಟಿದ್ದರೆ ಗುರುವಿನ ಕೈ ಎಲ್ಲಾದರೂ ಕಾಣಬೇಕು. ಎಂಬತ್ತರ ವಯಸ್ಸಿನಲ್ಲಿ, ಅರುವತ್ತು ವರ್ಷಗಳ ತನ್ನ ಶೈಲಿಯನ್ನು ಮರೆಮಾಡಿ, ಬೇರೊಂದು ಪರಂಪರೆಯ ಶೈಲಿಯಲ್ಲಿ, ಬೇರೊಂದು ಉಪಾಸನೆಯ ಪರಿಭಾಷೆಯಲ್ಲಿ 94 ಕೃತಿಗಳನ್ನು ಬರೆದುಕೊಡುವುದು ಯಾವ ವಾಗ್ಗೇಯಕಾರನಿಗೂ ಸುಲಭವಲ್ಲ. ಮಾಧ್ವ ಸಂಪ್ರದಾಯದಲ್ಲಿ ಬೆಳೆದ ಆಚಾರ್ಯರಿಗಂತೂ ಅದು ಸಹಜವೂ ಅಲ್ಲ. ಗುರು ಕೇಳಿರಬಹುದು, ತಿದ್ದಿರಬಹುದು, ಒಂದು ಸಂಗತಿಯನ್ನು ಸೂಚಿಸಿರಬಹುದು. ತಿದ್ದುವುದು ಗುರುವಿನ ಕೆಲಸವೇ. ಪಟ್ಣಂ ಸುಬ್ರಹ್ಮಣ್ಯ ಅಯ್ಯರರೂ ಆಚಾರ್ಯರ ಮೊದಲ ರಚನೆಗಳನ್ನು ಕೇಳದೆ ಬಿಟ್ಟಿರಲಾರರು. ಕೃತಿಗಳ ಒಟ್ಟು ಸ್ವರೂಪ ಶಿಷ್ಯನದೇ ಎಂಬುದು ನನ್ನ ತೀರ್ಮಾನ.

ದೀಕ್ಷಿತರ ಹೆಸರು ಬಂದಾಗ ಇನ್ನೊಂದು ಹೋಲಿಕೆ ತಾನಾಗಿ ಏಳುತ್ತದೆ. ದೀಕ್ಷಿತರು ಮದರಾಸಿನ ಕಡೆ ಕೇಳಿದ ಇಂಗ್ಲಿಷ್ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿ ನೊಟ್ಟುಸ್ವರಗಳೆಂಬ ಕಿರುರಚನೆಗಳನ್ನು ಮಾಡಿದರು. ಮುತ್ತಯ್ಯ ಭಾಗವತರ ‘ಇಂಗ್ಲಿಷ್ ನೋಟು’ ಕಚೇರಿಗಳಲ್ಲಿ ಮೆರೆಯಿತು. ಪಾಶ್ಚಾತ್ಯ ಸಂಗೀತವನ್ನು ದೂರದಿಂದ ಕೇಳಿದ ಇವರಿಬ್ಬರೂ ಅದನ್ನು ನಮ್ಮದರೊಳಗೆ ತಂದರು. ಅದನ್ನು ಒಳಹೊಕ್ಕು ಕಲಿತ, ಲಂಡನ್ನಿನ ಪದವಿಗಳನ್ನು ಪಡೆದ ಜಯಚಾಮರಾಜರು ಅಂಥದೇನನ್ನೂ ಮಾಡಲಿಲ್ಲ. ಸ್ವರಮೇಳವಿಲ್ಲ, ಬ್ಯಾಂಡಿನ ನಡೆಯಿಲ್ಲ, ಪಿಯಾನೊಗೆಂದು ಬರೆದ ಕೃತಿಯಿಲ್ಲ. ದೂರದಿಂದ ಕೇಳಿದವನಿಗೆ ಬೇರೊಂದು ಸಂಗೀತ ಒಂದು ಧಾಟಿಯಾಗಿ ಕಾಣುತ್ತದೆ, ಎತ್ತಿಕೊಳ್ಳಬಹುದು; ಒಳಗಿನಿಂದ ಬಲ್ಲವನಿಗೆ ಅದು ಒಂದು ವ್ಯವಸ್ಥೆಯಾಗಿ ಕಾಣುತ್ತದೆ, ಅದರ ಒಂದು ಎಳೆಯನ್ನು ಕಿತ್ತು ಬೇರೆಡೆ ನೆಡುವುದು ಅವನಿಗೆ ಸಾಧ್ಯವಾಗುವುದಿಲ್ಲ. ಮೆಟ್ನರ್ ತಮ್ಮ ಪುಸ್ತಕದಲ್ಲಿ ವಾದಿಸಿದ್ದೂ ಇದರ ಹತ್ತಿರದ ಮಾತನ್ನೇ. ಒಡೆಯರು ಮೆಟ್ನರರಿಂದ ಏನಾದರೂ ಕಲಿತಿದ್ದರೆ ಅದು ಒಂದು ಸ್ವರಸಂಯೋಜನೆಯನ್ನಲ್ಲ, ನಿಯಮದ ಬಗೆಗಿನ ನಿಷ್ಠೆಯನ್ನು.

ಕೆಲವು ಕೃತಿಗಳನ್ನು ಎದುರಿಗಿಟ್ಟುಕೊಂಡರೆ ಇದು ಸ್ಪಷ್ಟವಾಗುತ್ತದೆ. ಗಂಭೀರನಾಟ ರಾಗದ ‘ಶ್ರೀ ಜಾಲಂಧರ’ ಅವರ ಕೃತಿಗಳಲ್ಲಿ ಹೆಚ್ಚು ಪ್ರಚಾರ ಪಡೆದದ್ದು. ಜಾಲಂಧರವೆಂಬುದು ಶಾಕ್ತಪೀಠಗಳಲ್ಲೊಂದು, ಲಲಿತಾಸಹಸ್ರನಾಮದಲ್ಲಿಯೂ ದೇವಿಗೆ ಆ ಪೀಠದ ಹೆಸರಿನ ಒಂದು ನಾಮವಿದೆ. ರಾಗಕ್ಕೆ ಇರುವುದು ಐದೇ ಸ್ವರಗಳು: ಷಡ್ಜ, ಅಂತರಗಾಂಧಾರ, ಶುದ್ಧಮಧ್ಯಮ, ಪಂಚಮ, ಕಾಕಲಿನಿಷಾದ. ನಾಗಸ್ವರದವರು ದೇವರ ಉತ್ಸವದಲ್ಲಿ ಮಲ್ಲಾರಿ ನುಡಿಸುವುದು ಇದರಲ್ಲಿ. ಸ್ವರಗಳು ನೆಟ್ಟಗೆ ನಿಲ್ಲುವ ಈ ರಾಗವನ್ನು ಪಿಯಾನೊದ ಬಿಳಿಯ ಮನೆಗಳ ಮೇಲೆಯೂ ಒತ್ತಿ ತೋರಿಸಬಹುದು. ಇದನ್ನು ಹಿಡಿದುಕೊಂಡು, ಪಿಯಾನೊ ವಾದಕನಾದ್ದರಿಂದಲೇ ಇಂತಹ ರಾಗ ಆರಿಸಿದರೆಂದು ಹೇಳುವ ಆಸೆಯಾಗುತ್ತದೆ. ಆದರೆ ‘ಶಿವ ಶಿವ ಶಿವ ಭೋ’ ಎಂಬ ಕೃತಿಗೆ ಬಂದಾಗ ಆ ಆಸೆ ಬಿಡಬೇಕಾಗುತ್ತದೆ. ಅದು ನಾದನಾಮಕ್ರಿಯೆ, ನಿಷಾದಾಂತ್ಯ ರಾಗ, ಮಂದ್ರ ನಿಷಾದದಿಂದ ಮಧ್ಯ ನಿಷಾದದವರೆಗೆ ಮಾತ್ರ ಸಂಚಾರ. ಅದರ ಕರುಣೆಯೆಲ್ಲ ಸ್ವರಗಳ ನಡುವಿನ ಜಾರುವಿಕೆಯಲ್ಲಿದೆ. ಅದು ಪಿಯಾನೊದ ಯಾವ ಮನೆಯಲ್ಲಿಯೂ ಇಲ್ಲ. ಗಣಪತಿಯನ್ನು ಕುರಿತ ಅಠಾಣ ರಾಗದ ಕೃತಿಯ ಮಾತೂ ಅಷ್ಟೇ. ಅಠಾಣವನ್ನು ಆರೋಹಣ ಅವರೋಹಣಗಳಿಂದ ಯಾರಿಗೂ ತಿಳಿಸಲಾಗುವುದಿಲ್ಲ, ಪ್ರಯೋಗಗಳನ್ನು ಹಾಡಿಯೇ ತೋರಿಸಬೇಕು. ಹಿಂದೋಳ ಮತ್ತು ಮಾಂಡ್ ರಾಗಗಳಲ್ಲಿಯೂ ಅವರ ಕೃತಿಗಳಿವೆ. ಐದು ಸ್ವರದ ನೇರ ರಾಗ, ನಿಷಾದಾಂತ್ಯ ರಾಗ, ವಕ್ರಸಂಚಾರದ ರಕ್ತಿರಾಗ, ಉತ್ತರಾದಿಯಿಂದ ಬಂದ ದೇಶೀಯ ರಾಗ ಎಂದು ಇಷ್ಟು ಬಗೆಯ ರಾಗಗಳಲ್ಲಿ ಒಬ್ಬ ಹೊಸ ರಚನಕಾರ ಕೈಯಿಡುವುದು ಅಪರೂಪ. ಆರಂಭಿಕರು ತಮಗೆ ಒಲಿದ ನಾಲ್ಕಾರು ರಾಗಗಳಲ್ಲಿ ಮತ್ತೆ ಮತ್ತೆ ರಚಿಸಿ ಕೈ ಪಳಗಿಸಿಕೊಳ್ಳುವುದೇ ವಾಡಿಕೆ.

ಜಯಚಾಮರಾಜರ 94 ಕೃತಿಗಳು ಬಹುಪಾಲು ಬೇರೆ ಬೇರೆ ರಾಗಗಳಲ್ಲಿವೆ. ಕೆಲವು ರಾಗಗಳು ಅಪೂರ್ವವಾದವು. ಕಚೇರಿಗೆ ಬೇಕಾದವನು ಹೀಗೆ ಮಾಡುವುದಿಲ್ಲ. ಅವನು ಕಲ್ಯಾಣಿಯಲ್ಲಿ ಹತ್ತು, ತೋಡಿಯಲ್ಲಿ ಹತ್ತು ರಚಿಸುತ್ತಾನೆ, ಹಾಡುವವರು ಅದನ್ನು ಬಯಸುತ್ತಾರೆ. ಪ್ರತಿ ರಾಗಕ್ಕೂ ಒಂದು ಕೃತಿಯನ್ನು ಇಡುವವನು ಸಂಗ್ರಹಕಾರ. ಇಪ್ಪತ್ತು ಸಾವಿರ ತಟ್ಟೆಗಳನ್ನು ಕೂಡಿಟ್ಟ, ಬಲಾಕಿರೆವ್‌ನನ್ನೂ ರುಸೆಲ್‌ನನ್ನೂ ಹುಡುಕಿ ಹಿಡಿದ, ಮೆಟ್ನರ್ ‘ಪೂರ್ತಿ’ ಬೇಕೆಂದ ಬುದ್ಧಿಯೇ ಇಲ್ಲಿ ರಾಗಗಳ ಕಪಾಟನ್ನು ತೆರೆದು ಕುಳಿತಿದೆ. ಈ ಗುಣಕ್ಕೆ ಒಂದು ಬೆಲೆಯೂ ತೆರಬೇಕಾಯಿತು. ಒಂದೇ ರಾಗದಲ್ಲಿ ಹಲವು ಬಾರಿ ರಚಿಸುತ್ತ ಹೋದವನಿಗೆ ಆ ರಾಗದ ಮೂಲೆಮೂಲೆಗಳು ತೆರೆದುಕೊಳ್ಳುತ್ತವೆ. ಆ ನಿಧಾನದ ಬೆಳವಣಿಗೆ ಈ ಕೃತಿಗಳಲ್ಲಿ ಕಡಮೆ. ಕೆಲವೆಡೆ ಸಮಾಸಗಳ ಭಾರಕ್ಕೆ ರಾಗ ಬಾಗುತ್ತದೆ. ಕಚೇರಿಗಳಲ್ಲಿ ಇವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಬಳಕೆಗೆ ಬಂದಿರುವುದಕ್ಕೆ ವಿದ್ವಾಂಸರ ಅನಾದರವೊಂದೇ ಕಾರಣವಲ್ಲ.

94 ಎಂಬ ಸಂಖ್ಯೆಯೂ ಯೋಚನೆಗೆ ಹಚ್ಚುತ್ತದೆ. ಉಪಾಸಕನೊಬ್ಬ ಎಣಿಸಿ ನಿಲ್ಲಿಸುವ ಸಂಖ್ಯೆ ಇದಲ್ಲ. ದೊಡ್ಡಪ್ಪನವರ ಅಪೇಕ್ಷೆಯಿಂದ ಹುಟ್ಟಿದ 108ರ ಮಾದರಿ ಕಣ್ಣೆದುರಿಗಿತ್ತು. ಮಗನ ಸಂಕಲ್ಪವೂ ಅಷ್ಟೋತ್ತರಶತವೇ ಆಗಿದ್ದು, ಹದಿನಾಲ್ಕು ಉಳಿದುಹೋದವೆಂದು ಊಹಿಸಲು ಅವಕಾಶವಿದೆ. ಇದು ನನ್ನ ಊಹೆ ಮಾತ್ರ. ಮುಂದಿನ ವರ್ಷಗಳು ರಾಜಪ್ರಮುಖರಾಗಿ, ಮೈಸೂರು ರಾಜ್ಯದ ರಾಜ್ಯಪಾಲರಾಗಿ, 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿ ಕಳೆದವು. ಬರವಣಿಗೆ ದತ್ತಾತ್ರೇಯ, ಭಗವದ್ಗೀತೆಗಳ ಕುರಿತ ಇಂಗ್ಲಿಷ್ ಗ್ರಂಥಗಳ ಕಡೆ ತಿರುಗಿತು. ಆಚಾರ್ಯರು ತಮ್ಮ ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಅಳವಡಿಸಿದರು. 1959ರಲ್ಲಿ ಪದ್ಮಭೂಷಣರಾದರು, 1961ರಲ್ಲಿ ತೀರಿಕೊಂಡರು. ಶಿಷ್ಯರಿಗೆ 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಷಿಪ್ ಬಂದಿತು.

ಆರಂಭದ ಆ ಐದಾರು ವರ್ಷಗಳ ಕೊನೆಯ ದೊಡ್ಡ ಕಾರ್ಯವೆಂದರೆ 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ನಡೆದ ಕಚೇರಿ. ಹಿಂದಿನ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಗೀತೆಗಳನ್ನು ಅಂದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದರು. ಫಿಲ್ಹಾರ್ಮೋನಿಯ ವೃಂದವನ್ನು ಫುರ್ಟ್‌ವೆಂಗ್ಲರ್ ನಿರ್ದೇಶಿಸಿದರು. 4,800 ಡಾಲರುಗಳ ಖಾತರಿಯನ್ನು ಕೊಟ್ಟವರು ಮೈಸೂರಿನ ಮಹಾರಾಜರು. ಅವರು ಆ ಸಭೆಯಲ್ಲಿರಲಿಲ್ಲ. ಅವರ ಕೋರಿಕೆ ಒಂದೇ ಆಗಿತ್ತು: ಗೀತೆಗಳನ್ನು ಮುದ್ರಿಸಿ ತಟ್ಟೆಗಳನ್ನು ಮೈಸೂರಿಗೆ ಹಡಗಿನಲ್ಲಿ ಕಳುಹಿಸಿಕೊಡಬೇಕು. ಒರಟು ಗುಣಮಟ್ಟದ್ದಾದರೂ ಆ ಮುದ್ರಣ ಇಂದಿಗೂ ಕೇಳಸಿಗುತ್ತದೆ. ಅದನ್ನೂ ‘ಶ್ರೀ ಜಾಲಂಧರ’ವನ್ನೂ ಒಂದೇ ಕಪಾಟಿನಲ್ಲಿಟ್ಟುಕೊಂಡ ಮನೆ ಮೈಸೂರಿನದು.